ಬೀಗರ ಎಡಗಿವಿ

ಇದನ್ನು ಬರೆಯುವುದನ್ನು ಆರು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲ ವರ್ಷ, ಬೀಗರ ಕಿವಿ ತಾನಾಗಿ ಸರಿಹೋದೀತು, ಸುಮ್ಮನೆ ಗದ್ದಲ ಯಾಕೆ ಎಂದುಕೊಂಡೆ. ಎರಡನೆಯ ವರ್ಷ ಮೊಮ್ಮಗಳು ಹುಟ್ಟಿದಳು, ಸಂತೋಷದ ಮನೆಯಲ್ಲಿ ಈ ಮಾತು ಬೇಡ ಎಂದೆ. ಆಮೇಲೆ ನೆವ ಹುಡುಕುವ ಕೆಲಸವೂ ಉಳಿಯಲಿಲ್ಲ. ಹೇಳದೆ ಇರುವುದೇ ರೂಢಿಯಾಯಿತು. ನನಗೀಗ ಎಪ್ಪತ್ತೊಂದು. ಓದಿದ್ದು ಎಸ್ಸೆಸ್ಸೆಲ್ಸಿ, ಬರೆದು ಅಭ್ಯಾಸವಿಲ್ಲ. ನಮ್ಮ ಕನ್ನಡ ಸಂಘದವರು ಸಂಚಿಕೆಗೆಂದು ಪ್ರತಿ ವರ್ಷ ನನ್ನಿಂದ ಬೇಟೆಯ ಅನುಭವ ಕೇಳುತ್ತಿದ್ದರು. ಈ ಸಲ ಕೊಡುತ್ತಿದ್ದೇನೆ. ಅವರು ಬಯಸಿದ ಅನುಭವ ಇದಲ್ಲ ಎಂಬುದು ನನಗೆ ಗೊತ್ತು.

ಕಳೆದ ತಿಂಗಳು ಮೆಡೋವೇಲಿನ ಆಫೀಸೊಂದರಲ್ಲಿ ಕೆಲಸ ಮಾಡುವ, ಮೂವತ್ತೈದರ ಆಸುಪಾಸಿನ ಗೃಹಸ್ಥರೊಬ್ಬರು ಕೆನಡದ ಬೋಲ್ಟನ್ನಿನ ನಮ್ಮ ಮನೆಗೆ ಬಂದಿದ್ದರು. ಬೆಂಗಳೂರಿನವರು. ಹೊಸದಾಗಿ ಬೇಟೆಯ ಲೈಸೆನ್ಸು ಪಡೆದು ರೈಫಲ್ ಕೊಂಡಿದ್ದರು. ಗರಾಜಿನ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಮುಚ್ಚಳ ತೆರೆದರು. ಎಣ್ಣೆ ಮತ್ತು ಸುಟ್ಟ ಮದ್ದು ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಹಿಂದಿನ ದಿನವಷ್ಟೇ ರೇಂಜಿಗೆ ಹೋಗಿ ಹತ್ತಿಪ್ಪತ್ತು ಗುಂಡು ಹಾರಿಸಿ ಬಂದಿದ್ದರಂತೆ.

“ಅಂಕಲ್, ರೀಕಾಯಿಲ್ ತುಂಬಾ ಜಾಸ್ತಿ. ಶೋಲ್ಡರ್ ನೀಲಿಯಾಗಿದೆ. ಒಂದು ಮಝಲ್ ಬ್ರೇಕ್ ಹಾಕಿಸ್ಬಿಡೋಣ ಅಂತ. ನೀವು ಹಾಕ್ಸಿದ್ರಂತಲ್ಲ, ಹೇಗಿತ್ತು?”

ಒದೆತ ಕಡಿಮೆಯಾಗುತ್ತದೆ ಎಂದೆ. ಅಷ್ಟೇ ಹೇಳಿದೆ. ಈ ನವೆಂಬರಿನಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ, ಅವಳು ಪಕ್ಕದಲ್ಲಿ ಕೂತು ವಿಡಿಯೋ ಮಾಡುತ್ತಾಳೆ ಎಂದು ಅವರು ಖುಷಿಯಿಂದ ಹೇಳಿ ಹೋದರು. ನಾನು ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ಕೈ ತೊಳೆದೆ. ಊಟಕ್ಕೆ ಕೂತಾಗ ರೊಟ್ಟಿಗೂ ಆ ವಾಸನೆ ಹತ್ತಿದಂತಿತ್ತು. ಎದ್ದುಬಿಟ್ಟೆ. ಪಕ್ಕದಲ್ಲಿ ಕೂತವರಿಗೆ ಏನಾಗುತ್ತದೆ ಎಂದು ಬಲ್ಲವನು ನಾನು. ಬಲ್ಲವನು ಬಾಯಿ ಬಿಡದೆ ಇನ್ನೊಬ್ಬರನ್ನು ಕಾಡಿಗೆ ಕಳಿಸುತ್ತಿದ್ದೆ.

ಆ ವರ್ಷದ ಮಾತಿಗೆ ಬರುತ್ತೇನೆ.

ನಾನು ಖಾನಾಪುರ ತಾಲೂಕಿನವನು. ಗದ್ದೆಗೆ ಬೀಳುವ ಹಂದಿ ಕಾಯಲು ನಮ್ಮಪ್ಪ ಒಂದು ಕೇಪಿನ ಬಂದೂಕು ಇಟ್ಟಿದ್ದ. ಆ ಚಟ ನನ್ನ ಜೊತೆ ಕೆನಡಕ್ಕೂ ಬಂತು. ಇಲ್ಲಿ ಬ್ರಾಂಪ್ಟನ್ನಿನ ಕಾರ್ಖಾನೆಯೊಂದರಲ್ಲಿ, ಕಾರಿನ ಬಿಡಿಭಾಗ ಒತ್ತಿ ತೆಗೆಯುವ ದೊಡ್ಡ ದೊಡ್ಡ ಪ್ರೆಸ್ಸುಗಳ ನಡುವೆ ಇಪ್ಪತ್ತಾರು ವರ್ಷ ದುಡಿದೆ. ವರ್ಷಕ್ಕೊಮ್ಮೆ ಒಂದು ವ್ಯಾನು ಬರುತ್ತಿತ್ತು. ಒಬ್ಬೊಬ್ಬರನ್ನೇ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎನ್ನುತ್ತಿದ್ದರು. ವರ್ಷ ಕಳೆದಂತೆ ನಾನು ಗುಂಡಿ ಒತ್ತುವುದು ಕಡಿಮೆಯಾಯಿತು. ಸಣ್ಣ ಸದ್ದುಗಳು ನನ್ನ ಪಾಲಿಗೆ ಹೋದವು. ಅದಕ್ಕೇ ನನ್ನನ್ನು ಸುರಕ್ಷತಾ ಸಮಿತಿಗೆ ಹಾಕಿಕೊಂಡರು. ಕೊನೆಯ ಹತ್ತು ವರ್ಷ ಹೊಸಬರಿಗೆಲ್ಲ ಕಿವಿಗೆ ಸ್ಪಂಜಿನ ಬಿರಡೆ ಹಾಕಿಕೊಳ್ಳುವುದನ್ನು ಕಲಿಸಿದ್ದು ನಾನೇ. ಹಾಕಿಕೊಳ್ಳದವರನ್ನು ಬೈದಿದ್ದೇನೆ. ನೂರಾರು ಜನರ ಕಿವಿಗೆ ಬಿರಡೆ ಹಾಕಿಸಿದ ನಾನು ಒಬ್ಬರ ಕಿವಿಯಿಂದ ಮಾತ್ರ ತೆಗೆಸಿದೆ.

ನಿವೃತ್ತಿಗೆ ಮೊದಲೇ ಬಲಭುಜದ ಆಪರೇಷನ್ ಆಗಿತ್ತು. ನನ್ನ ರೈಫಲ್ ಕುದುರೆಗಾತ್ರದ ಮೂಸ್ ಜಿಂಕೆ ಹೊಡೆಯುವಷ್ಟು ದೊಡ್ಡ ಗುಂಡಿನದು. ಅದರ ಒದೆತಕ್ಕೆ ಭುಜ ಹೆದರಿತ್ತು. ಟ್ರಿಗರ್ ಎಳೆಯುವ ಮೊದಲೇ ಮೈ ಮುದುಡುತ್ತಿತ್ತು. ಸಾಲಾಗಿ ಎರಡು ನವೆಂಬರು ಜಿಂಕೆ ತಪ್ಪಿಸಿಕೊಂಡಿತು. ಸಣ್ಣ ರೈಫಲ್ ತೆಗೆದುಕೋ ಎಂದು ಮನೆಯಾಕೆ ಹೇಳಿದಳು. ಮುದುಕನಾದೆ ಎಂದು ಒಪ್ಪಿಕೊಂಡಂತಾಗುತ್ತದೆಂದು ನಾನು ಕೇಳಲಿಲ್ಲ. ಬೇಸಿಗೆಯಲ್ಲಿ ಮಝಲ್ ಬ್ರೇಕ್ ಹಾಕಿಸಿದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅದು ನಳಿಗೆಯ ತುದಿಗೆ ತಿರುಪಿ ಕೂಡಿಸುವ, ಹೆಬ್ಬೆರಳುದ್ದದ ಉಕ್ಕಿನ ತುಂಡು. ಎರಡೂ ಪಕ್ಕಕ್ಕೆ ಕಂಡಿಗಳಿರುತ್ತವೆ. ಗುಂಡಿನ ಬೆನ್ನಿಗೆ ಬರುವ ಬೆಂಕಿಗಾಳಿ ಮುಂದಕ್ಕೆ ಹೋಗದೆ ಆ ಕಂಡಿಗಳಿಂದ ಪಕ್ಕಕ್ಕೂ ಸ್ವಲ್ಪ ಹಿಂದಕ್ಕೂ ನುಗ್ಗುತ್ತದೆ. ಅದರಿಂದ ಒದೆತ ಅರ್ಧಕ್ಕಿಳಿಯುತ್ತದೆ. ಮುಂದಕ್ಕೆ ಹೋಗಬೇಕಾದ ಸದ್ದೂ ಹಾರಿಸುವವನ ಕಡೆಗೆ, ಅವನ ಪಕ್ಕದವರ ಕಡೆಗೆ ತಿರುಗುತ್ತದೆ. ಬಂದೂಕಿನ ಸದ್ದು ಅಡಗಿಸುವ ಸಾಧನಕ್ಕೆ ಈ ದೇಶದ ಕಾನೂನಿನಲ್ಲಿ ಅವಕಾಶವಿಲ್ಲ. ಸದ್ದು ಹೆಚ್ಚಿಸುವ ಇದಕ್ಕೆ ಅಡ್ಡಿಯಿಲ್ಲ. ಕೂಡಿಸಿಕೊಟ್ಟ ರಿಪೇರಿಯವನು ಎದುರು ನಿಂತು ಎಚ್ಚರಿಸಿದ್ದ: ಇದನ್ನು ಹಾಕಿದ ಮೇಲೆ ಬರಿಗಿವಿಯಲ್ಲಿ ಒಂದು ಗುಂಡನ್ನೂ ಹಾರಿಸಬೇಡ, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡ, ಕೂರಿಸಿಕೊಂಡರೆ ಬಿರಡೆಯೂ ಬೇಕು, ಅದರ ಮೇಲೆ ಕಿವಿಗವಸೂ ಬೇಕು. ಅವನ ಅಂಗಡಿಯಲ್ಲೇ ಬ್ಯಾಟರಿಯ ಕಿವಿಗವಸು ಇತ್ತು. ಸಣ್ಣ ಸಪ್ಪಳವನ್ನು ದೊಡ್ಡದು ಮಾಡಿ, ದೊಡ್ಡದನ್ನು ತಡೆಯುವಂಥದ್ದು. ಒಂದು ತೆಗೆದುಕೊಂಡೆ, ನನಗೆ. ಜೊತೆಗೆ ಬರುವವರಿಗೆ ಎಂದು ಅವನು ಇನ್ನೊಂದನ್ನು ಮುಂದಿಟ್ಟ. ಬೇಡ ಎಂದೆ.

ಬೇಡ ಎಂದದ್ದು ಯಾಕೆಂದು ತಿಳಿಯಬೇಕಾದರೆ ಬೀಗರ ವಿಷಯ ಹೇಳಬೇಕು.

ಬೀಗರು ಎಂದರೆ ನನ್ನ ಸೊಸೆ ಸುನಂದಾಳ ತಂದೆ. ನವಲಗುಂದದ ಕಡೆಯವರು. ತಲೆತಲಾಂತರದಿಂದ ಮಾಂಸ ಮುಟ್ಟದ ಮನೆ. ಹನ್ನೆರಡು ವರ್ಷದಿಂದ ಈ ಊರಿನಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದರು. ನನ್ನ ಮಗ ಅವರ ಮಗಳನ್ನು ಮೆಚ್ಚಿ ಮದುವೆಯಾಗುತ್ತೇನೆಂದಾಗ ನಾನೇ ಗಂಟುಮೋರೆ ಹಾಕಿದ್ದೆ. ಅವರು ಮನೆಗೆ ಬಂದು, ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತು, ಕೈ ಜೋಡಿಸಿ ಒಪ್ಪಿಸಿದ್ದರು. ಅವತ್ತಿನಿಂದ ನಮ್ಮಿಬ್ಬರ ಲೆವೆಲ್ಲು ಗೊತ್ತಾಗಿಹೋಯಿತು. ನಾನು ಗಂಡಿನ ತಂದೆ, ಅವರು ಹೆಣ್ಣಿನ ತಂದೆ. ಸಮುದ್ರ ದಾಟಿ ಬಂದು ಮೂವತ್ತು ವರ್ಷವಾಗಿದ್ದರೂ, ಇಬ್ಬರ ಕೈಯಲ್ಲೂ ಕೆನಡದ ಪಾಸ್‌ಪೋರ್ಟ್ ಇದ್ದರೂ ಅದು ಬದಲಾಗಲಿಲ್ಲ. ನಾನು ಹೇಳಿದ್ದಕ್ಕೆ ಅವರು ಇಲ್ಲ ಎಂದದ್ದೇ ಇಲ್ಲ.

ಬೇಟೆಗೆ ಬರುತ್ತೇನೆಂದದ್ದು ಅವರೇ. ಶರತ್ಕಾಲದ ಕಾಡು ನೋಡುವ ಆಸೆ ಅವರಿಗೆ. ಪ್ಯಾರಿ ಸೌಂಡ್ ಊರಿನ ಆಚೆ ನಾವು ನಾಲ್ಕಾರು ಜನ ಹೋಗುವ ಕ್ಯಾಂಪಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಲೈಸೆನ್ಸಿಲ್ಲ, ಬಂದೂಕು ಮುಟ್ಟುವುದಿಲ್ಲ, ಕಿತ್ತಳೆ ಕೋಟು ತೊಟ್ಟು ಸುಮ್ಮನೆ ನನ್ನ ಪಕ್ಕ ಕೂರುವುದು. ಕಾಯಿಪಲ್ಲೆ ತಿನ್ನುವವರನ್ನು ಕರೆತಂದರೆ ಜಿಂಕೆ ಬಂದೀತೇ ಎಂದು ನಾನು ಕಿಚಾಯಿಸಿದರೆ, “ನಾನೂ ಸೊಪ್ಪ ತಿನ್ನಾಂವ, ಅದೂ ಸೊಪ್ಪ ತಿನ್ನೂದು. ನನ್ನ ವಾಸನಿಗೇ ಬಂದೀತು ಬೀಗರ, ನೀವ ಸ್ವಲ್ಪ ದೂರ ಕುಂದರ್ರಿ” ಎಂದರು.

ಕೂತ ಮೊದಲ ವರ್ಷವೇ ಅವರ ಕಿವಿ ಎಂಥದೆಂದು ತಿಳಿಯಿತು. ಒಣಗಿದ ಎಲೆಯ ಮೇಲೆ ಅಳಿಲು ಓಡುವುದಕ್ಕೂ ಜಿಂಕೆ ಹೆಜ್ಜೆ ಇಡುವುದಕ್ಕೂ ಇರುವ ಅಂತರ ಅವರಿಗೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು. ಅಳಿಲು ನಿಲ್ಲುವುದಿಲ್ಲ, ಜಿಂಕೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತದೆ ಎನ್ನುತ್ತಿದ್ದರು. ಬಸ್ಸಿನಲ್ಲಿ ಬೆನ್ನ ಹಿಂದೆ ಐವತ್ತು ಮಕ್ಕಳ ಗದ್ದಲದೊಳಗೆ ಅಳುವ ಒಂದು ಮಗುವಿನ ದನಿ ಹಿಡಿದು ಹಿಡಿದು ಆ ಕಿವಿ ಹಾಗಾಗಿತ್ತೋ ಏನೋ. ನನ್ನ ಹೊಸ ಕಿವಿಗವಸಿನಲ್ಲಿ ಸಪ್ಪಳ ಕೇಳೀತು, ದಿಕ್ಕು ತಿಳಿಯುವುದಿಲ್ಲ. ಸವೆದ ಕಿವಿಗೆ ಅದೂ ಅರ್ಧಂಬರ್ಧ. ಬೀಗರು ಬೆರಳೆತ್ತಿ ತೋರಿಸಿದ ಕಡೆಗೆ ನಾನು ನಳಿಗೆ ತಿರುಗಿಸುತ್ತಿದ್ದೆ. ಅವರ ಕಿವಿ ನನಗೆ ಬೇಕಾಗಿತ್ತು. ಮುಚ್ಚಿದ ಕಿವಿ ನನ್ನ ಉಪಯೋಗಕ್ಕಿರಲಿಲ್ಲ. ಎರಡನೆಯ ಕಿವಿಗವಸು ಬೇಡವೆಂದದ್ದು ಅದಕ್ಕೇ.

ಆ ನವೆಂಬರಿನಲ್ಲಿ ಚಳಿ ಬೇಗ ಇಳಿಯಿತು. ಮೇಪಲ್ ಎಲೆಗಳು ಉದುರಿ ಹಪ್ಪಳದಂತೆ ಗರಿಗರಿಯಾಗಿದ್ದವು. ಎರಡು ದಿನ ಗಾಳಿ ಬೀಸಿ ಯಾವ ಸಪ್ಪಳವೂ ಕೇಳಲಿಲ್ಲ, ಒಂದು ಬಾಲವೂ ಕಾಣಲಿಲ್ಲ. ಮೂರನೆಯ ದಿನ ಗಾಳಿ ನಿಂತಿತು. ಬೆಳಗಿನ ಏಳಕ್ಕೆಲ್ಲ ಪ್ಲೈವುಡ್ಡಿನ ಗೂಡಿನೊಳಗೆ ಕೂತೆವು. ಇಬ್ಬರು ಮೊಣಕಾಲು ತಾಗಿಸಿ ಕೂರುವಷ್ಟೇ ಜಾಗ, ಮುಂದೆ ಒಂದು ಕಿಂಡಿ. ಬೀಗರು ನನ್ನ ಬಲಕ್ಕೆ. ಕೂತವರೇ ಜೇಬಿನಿಂದ ಹಳದಿ ಸ್ಪಂಜಿನ ಬಿರಡೆ ತೆಗೆದು ಕಿವಿಗೆ ಹಾಕಿಕೊಂಡರು. ನಾನು ಅವರ ತೋಳು ತಟ್ಟಿದೆ.

“ಬೀಗರ, ಅವನ್ನ ತಗೀರಿ. ನಿಮ್ಮ ಕಿವಿ ಮುಚ್ಚಿದ್ರ ನನಗ ಕಣ್ಣ ಕಟ್ಟಿಧಂಗ.”

ಅವರು ಒಂದನ್ನು ತೆಗೆದು ಅಂಗೈಯಲ್ಲಿ ಹಿಡಿದರು. “ಬಸ್ ಯಾರ್ಡಿನ್ಯಾಗ ಕೊಟ್ಟಾರ್ರಿ. ಹೊಸಾ ಬ್ರೇಕ್ ಹಾಕ್ಸೀರಿ, ಸಪ್ಪಳ ಭಾಳ ಅಂತ ನೀವ ಅಂದಿದ್ರಿ.”

“ಹಾರಸೂ ಮೊದಲ ನಿಮ್ಮ ಮೊಣಕಾಲ ಮ್ಯಾಲ ಎರಡ ಸಲ ತಟ್ತೀನಿ. ಆವಾಗ ಮುಚ್ಕೊಳ್ರಿ. ಹೆಣ್ಣಿನ ಕಡೆಯವ್ರು ಇಷ್ಟ ಅಂಜಿದ್ರ ಹೆಂಗ್ರಿ?”

ಬೀಗರ ನಡುವಿನ ತಮಾಷೆ ಎಂದೇ ಆಡಿದ್ದೆ. ಆದರೆ ಆ ತಮಾಷೆಗೆ ಅವರಲ್ಲಿ ಉತ್ತರವಿಲ್ಲವೆಂದು ಗೊತ್ತಿದ್ದೇ ಆಡಿದ್ದೆ. ಅವರು ನಕ್ಕರು. ಇನ್ನೊಂದನ್ನೂ ತೆಗೆದು ಎರಡನ್ನೂ ಜೇಬಿಗೆ ಹಾಕಿದರು. ನಾನು ನನ್ನ ಕಿವಿಗವಸನ್ನು ಸರಿಮಾಡಿಕೊಂಡೆ.

ಒಂಬತ್ತರ ಸುಮಾರಿಗೆ ಅವರ ಬೆರಳು ಎದ್ದಿತು. ನನಗೇನೂ ಕೇಳಿಸಲಿಲ್ಲ. ಬೆರಳು ನಿಧಾನವಾಗಿ ಎಡಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ದೇವದಾರುಗಳ ನಡುವಿನಿಂದ ಒಂದು ಗಂಡು ಹೊರಬಂತು. ಅಷ್ಟು ದೊಡ್ಡ ಕೊಂಬನ್ನು ಇಪ್ಪತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ. ಕಿಂಡಿಯಿಂದ ನಳಿಗೆ ಹೊರಗೆ ಚಾಚಿದರೆ ಅದಕ್ಕೆ ಕಂಡೀತೆಂದು ತುದಿಯನ್ನು ಗೂಡಿನ ಒಳಗೇ ಇಟ್ಟುಕೊಂಡೆ. ಅದು ಪಕ್ಕ ತಿರುಗಿತು. ಅದರ ಭುಜ ಗುರಿಗೆ ಸರಿಯಾಗಿ ಸಿಕ್ಕಿತು.

ಆಮೇಲೆ ಕೇಳಿದವರಿಗೆಲ್ಲ, ಜಿಂಕೆ ಓಡಲು ಹೊರಟಿತು, ಕ್ಷಣದಲ್ಲಿ ಎಲ್ಲ ಆಗಿಹೋಯಿತು, ತಟ್ಟಲು ಸಮಯವಿರಲಿಲ್ಲ ಎಂದಿದ್ದೇನೆ. ಸುಳ್ಳು. ಸಮಯವಿತ್ತು. ಜಿಂಕೆ ನಿಂತೇ ಇತ್ತು. ನಾನು ಉಸಿರು ಒಳಗೆ ತೆಗೆದುಕೊಂಡು, ಅರ್ಧ ಬಿಟ್ಟು, ಹಿಡಿದೆ. ಅಷ್ಟು ಹೊತ್ತಿನಲ್ಲಿ ಮೊಣಕಾಲು ನೆನಪಾಯಿತು. ಎಡಗೈ ರೈಫಲಿನ ಕೆಳಗಿತ್ತು, ಬಲಗೈ ಟ್ರಿಗರಿನ ಮೇಲಿತ್ತು. ಒಂದು ಕೈ ತೆಗೆದರೆ ಗುರಿ ಅಲುಗುತ್ತದೆ, ಅವರು ಕೈಯೆತ್ತಿ ಕಿವಿ ಮುಚ್ಚಿಕೊಂಡರೆ ಅದು ನೋಡುತ್ತದೆ, ಹೋಗುತ್ತದೆ, ಮೂರನೆಯ ವರ್ಷವೂ ಬರಿಗೈ. ಇಷ್ಟೆಲ್ಲ ಯೋಚಿಸಿದೆ. ಯೋಚಿಸಿಯೇ ತಟ್ಟಲಿಲ್ಲ.

ಹಾರಿಸಿದೆ. ಭುಜಕ್ಕೆ ಏನೂ ಆಗಲಿಲ್ಲ, ಯಾರೋ ಮೆಲ್ಲಗೆ ನೂಕಿದಂತೆ ಅಷ್ಟೇ. ಗೂಡಿನ ತುಂಬ ಹೊಗೆ, ಪ್ಲೈವುಡ್ಡಿನ ಧೂಳು. ಜಿಂಕೆ ಬಿದ್ದದ್ದು ಕಂಡು ತಿರುಗಿದರೆ, ಬೀಗರು ಎರಡೂ ಅಂಗೈಯಿಂದ ಎಡಗಿವಿ ಒತ್ತಿಕೊಂಡು ಮೊಣಕಾಲ ಮೇಲೆ ಬಗ್ಗಿದ್ದರು. ನಾನು ಏನೋ ಕೇಳಿದೆ. ಅವರು ನನ್ನ ಬಾಯಿ ನೋಡಿದರು. ಸ್ವಲ್ಪ ಹೊತ್ತಿಗೆ ಮುಖ ನೆಟ್ಟಗೆ ಮಾಡಿಕೊಂಡು, ತಮ್ಮ ದನಿ ತಮಗೇ ಕೇಳದವರಂತೆ ಜೋರಾಗಿ ಹೇಳಿದರು.

“ಬಿತ್ತೇನ್ರಿ? ಛಲೋ ಆತು ಬಿಡ್ರಿ. ನನ್ನ ಕಿವ್ಯಾಗ ಯಾರೋ ಸಿಳ್ಳಿ ಹಾಕಾಕತ್ತಾರ.”

ನಾಳೆಗೆ ಹೋಗುತ್ತದೆ ಎಂದು ಕೈಸನ್ನೆ ಮಾಡಿದೆ. ಕಾರ್ಖಾನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಆ ಗಳಿಗೆಯಲ್ಲೇ ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು, ಬೀಗರ ಕೈಗೆ ಜಿಂಕೆಯ ಒಂದು ಕೊಂಬು ಕೊಟ್ಟು ಎಳೆಯಲು ಹಚ್ಚಿದೆ. ಮಾಂಸ ಮುಟ್ಟದ ಆ ಮನುಷ್ಯ ಕ್ಯಾಂಪಿನವರೆಗೂ ಎಳೆದರು. ಅದನ್ನು ಸುಲಿದು ಕೊಯ್ದು ಕಟ್ಟಲು ಇನ್ನೆರಡು ದಿನ ಅಲ್ಲೇ ಉಳಿದೆವು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಬೀಗರು ಒಲೆಯ ಹತ್ತಿರ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಕೂತಿದ್ದರು. ಸಿಳ್ಳೆ ನಿಂತಿತೇ ಎಂದು ನಾನು ಕೇಳಲಿಲ್ಲ. ನಿಂತಿಲ್ಲ ಎಂದಾರೆಂಬ ಹೆದರಿಕೆ.

ನಿಲ್ಲಲಿಲ್ಲ. ಮೂರು ವಾರವಾದ ಮೇಲೆ ಸುನಂದಾ ಅವರನ್ನು ಡಾಕ್ಟರ ಬಳಿ ಕರೆದೊಯ್ದಳು. ಎಡಗಿವಿ ಬಹುತೇಕ ಹೋಗಿತ್ತು, ಬಲಗಿವಿಗೂ ಪೆಟ್ಟಾಗಿತ್ತು. ಮೊದಲ ಒಂದೆರಡು ದಿನದಲ್ಲಿ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು, ಗುಣವಾಗುತ್ತದೆಂದು ಹೇಳಲಾಗದು, ಆದರೂ ನೋಡಬಹುದಿತ್ತು ಎಂದರಂತೆ. ಆ ಎರಡು ದಿನ ನಾನು ಮಾಂಸ ಕೊಯ್ಯುತ್ತಿದ್ದೆ.

ಜನವರಿಯಲ್ಲಿ ಒಂದು ಭಾನುವಾರ ಬೀಗರು ನಮ್ಮ ಮನೆಗೆ ಬಂದರು. ಚಹಾ ಕುಡಿಯುತ್ತ, ಬಸ್ಸಿನ ಕೆಲಸ ಬಿಟ್ಟೆ ಎಂದರು. ಯಾರೂ ಬಿಡಿಸಿರಲಿಲ್ಲ, ತಾವಾಗಿಯೇ ಕೀಲಿ ಕೊಟ್ಟು ಬಂದಿದ್ದರು. ಸ್ಕೂಲ್ ಬಸ್ಸಿನವರು ರೈಲು ಹಳಿ ದಾಟುವ ಮೊದಲು ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ ಮುಂದೆ ಹೋಗಬೇಕು. ಹನ್ನೆರಡು ವರ್ಷ ದಿನಕ್ಕೆ ನಾಲ್ಕು ಸಲ ಹಾಗೆ ಮಾಡಿದವರು. ಕೆಲಸ ಬಿಟ್ಟ ದಿನ ಹಿಮ ಬೀಳುತ್ತಿತ್ತು, ಹಳಿ ದೂರದವರೆಗೆ ಕಾಣುತ್ತಿರಲಿಲ್ಲ. ಬಾಗಿಲು ತೆರೆದರು. ಸಿಳ್ಳೆ ಕೇಳಿತು. ಕಾದರು. ರೈಲು ಬರಲಿಲ್ಲ, ಸಿಳ್ಳೆ ನಿಲ್ಲಲಿಲ್ಲ. ಅದು ಹಳಿಯ ಮೇಲಿನದೋ ತಮ್ಮ ಕಿವಿಯೊಳಗಿನದೋ ತಿಳಿಯದೆ ಸ್ಟೀರಿಂಗ್ ಹಿಡಿದು ಕೂತೇ ಇದ್ದರು. ಹಿಂದೆ ಕಾರುಗಳು ಸಾಲುಗಟ್ಟಿದವು. ಮುಂದಿನ ಸೀಟಿನ ಒಬ್ಬ ಹುಡುಗಿ ಎದ್ದುಬಂದು, ಟ್ರೈನ್ ಇಲ್ಲ, ಹೋಗಬಹುದು ಎಂದು ಅವರ ತೋಳು ಮುಟ್ಟಿ ಹೇಳಿದಳಂತೆ.

“ಏಳ ವರ್ಷದ ಕೂಸಿನ ಮಾತ ನಂಬಿ ಹಳಿ ದಾಟಿದೆ ಬೀಗರ. ಇನ್ನ ಆ ಕೆಲಸ ನಂದಲ್ಲ.”

ಸುನಂದಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನನ್ನಲ್ಲ, ನನ್ನನ್ನು ನೋಡುತ್ತಿದ್ದಳು. “ಮಾವಾ, ಸ್ಟ್ರೇಟಾಗಿ ಹೇಳ್ರಿ. ಹಂಟಿಂಗಿನ್ಯಾಗ ಏನರ ಆಗಿತ್ತಾ?”

ವಯಸ್ಸಾಯಿತಲ್ಲಮ್ಮಾ, ಮೇಲಾಗಿ ಹನ್ನೆರಡು ವರ್ಷ ಆ ಬಸ್ಸಿನ ಇಂಜಿನ್ನು, ಎಂದೆ. ಅವಳು ಅಪ್ಪನ ಕಡೆ ತಿರುಗಿದಳು. ಬೀಗರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನೇನಂದೆ ಎಂಬುದು ಅವರಿಗೆ ತಿಳಿದಿತ್ತು. ಕಪ್ಪು ಕೆಳಗಿಟ್ಟು, “ಹೌದವಾ, ವಯಸ್ಸ ಆತು” ಎಂದರು. ಮಗಳ ಮನೆ ಚೆನ್ನಾಗಿರಲೆಂದು ಆ ತಂದೆ ನನ್ನ ಸುಳ್ಳಿಗೆ ಸಹಿ ಹಾಕಿದರು. ನಾನು ಹಾಕಿಸಿಕೊಂಡೆ.

ಒಂದೇ ಒಂದು ಸಲ ಹೇಳಲು ಹೊರಟಿದ್ದೆ. ಮರುವರ್ಷದ ಬೇಸಿಗೆ, ಮನೆಮಂದಿಯೆಲ್ಲ ಪೋರ್ಟ್ ಕ್ರೆಡಿಟ್ಟಿಗೆ ಹೋಗಿದ್ದೆವು. ದೋಣಿಗಳು ನಿಲ್ಲುವ ಕಡೆ ಸರೋವರದ ದಂಡೆಯ ಮೇಲೆ ನಾವಿಬ್ಬರೇ ನಡೆಯುತ್ತಿದ್ದೆವು. ನಾನು ಅವರ ಎಡಕ್ಕೆ ಹೋಗಿ, ತಪ್ಪಾತ್ರಿ ಬೀಗರ, ಬೇಕಂತಲೇ ತಟ್ಟಲಿಲ್ಲ ಎಂದು ಮೆಲ್ಲಗೆ ಹೇಳಿದೆ. ಅವರು ನಿಂತು, “ಏನಂದ್ರಿ?” ಎಂದು ಬಲಗಿವಿ ನನ್ನ ಕಡೆ ತಿರುಗಿಸಿದರು. ಗಾಳಿ ಛಲೋ ಐತಿ ಅಂದೆ ಎಂದೆ. ಹೇಳಿಯೂ ಆಯಿತು, ಅವರಿಗೆ ಕೇಳಲೂ ಇಲ್ಲ. ಎಡಕ್ಕೆ ಹೋಗಿ ನಿಂತದ್ದೇ ಅದಕ್ಕಾಗಿ.

ಬ್ರೇಕನ್ನು ಆ ಚಳಿಗಾಲದಲ್ಲೇ ಬಿಚ್ಚಿ ಕಸಕ್ಕೆ ಹಾಕಿದ್ದೆ. ಮತ್ತೆ ಬೇಟೆಗೆ ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ ಭುಜ ನೋವು ಎಂದೆ.

ಮೆಡೋವೇಲಿನವರು ಬಂದುಹೋದ ಮರುದಿನ ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. ಬ್ರೇಕ್ ಬೇಡ, ಸಣ್ಣ ಗುಂಡಿನ ರೈಫಲಿಗೆ ಬದಲಾಯಿಸಿ, ಹಿಂಬದಿಗೆ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸಿ, ಜಿಂಕೆಗೆ ಅದು ಧಾರಾಳ ಸಾಕು ಎಂದೆ. ಹಾಕಿಸಿಯೇ ತೀರುತ್ತೀರಾದರೆ ಪಕ್ಕದಲ್ಲಿ ಯಾರೂ ಕೂರಬಾರದು. ಬ್ರೇಕ್ ಇರಲಿ ಇಲ್ಲದಿರಲಿ, ಗುಂಡು ತುಂಬುವ ಮೊದಲೇ ನಿಮ್ಮ ಕಿವಿಯೂ ನಿಮ್ಮ ಹೆಂಡತಿಯ ಕಿವಿಯೂ ಮುಚ್ಚಿರಬೇಕು, ಗೂಡಿನಲ್ಲಿ ಇರುವಷ್ಟು ಹೊತ್ತೂ ಮುಚ್ಚಿರಬೇಕು. ಆಮೇಲೆ ಸನ್ನೆ ಮಾಡುತ್ತೇನೆ, ಆಗ ಮುಚ್ಚಿಕೋ ಎಂಬ ಒಪ್ಪಂದ ಮಾತ್ರ ಬೇಡವೇ ಬೇಡ. ಕೊಂಬು ಕಂಡಾಗ ಯಾರೂ ಒಪ್ಪಂದ ಪಾಲಿಸುವುದಿಲ್ಲ. ಹಾರಿಸಿದ ಮೇಲೆ ಯಾರ ಕಿವಿಯಾದರೂ ಸಿಳ್ಳೆ ಹಾಕಿದರೆ ಜಿಂಕೆಯನ್ನು ಅಲ್ಲೇ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಅವರು ಕೇಳಿದರು.

“ಅಂಕಲ್, ಯಾರಿಗಾದ್ರೂ ಹಾಗಾಗಿತ್ತಾ?”

ಹೌದು, ನಾನು ಮಾಡಿದೆ ಎಂದೆ. ಆರು ವರ್ಷದಲ್ಲಿ ಮೊದಲ ಸಲ, ಕೇಳುವ ಕಿವಿಯೆದುರು ಬಾಯಿಂದ ಬಂತು. ಬಂದ ಮೇಲೆ ಉಳಿದದ್ದನ್ನು ತಡೆಯುವುದು ಬೇಡವೆನಿಸಿತು.

ಮೆಲ್ಲಗೆ ಒಂದು ಮೂಲೆಗೆ ಕರೆದು ಕ್ಷಮೆ ಕೇಳುವ ದಾರಿಯನ್ನು ನಾನೇ ಮುಚ್ಚಿದ್ದೇನೆ. ಬೀಗರಿಗೆ ಕೇಳಬೇಕಾದರೆ ಈಗ ಕೂಗಬೇಕು, ಕೂಗಿದರೆ ಮನೆಗೆಲ್ಲ ಕೇಳುತ್ತದೆ. ಕೇಳಲಿ. ಈ ಭಾನುವಾರ ಮಗನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರುತ್ತೇವೆ. ಅವರ ಬಲಕ್ಕೆ ಕೂತು ಈ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಸುನಂದಾ ಏನಂದರೂ ಕೇಳಿಸಿಕೊಳ್ಳುತ್ತೇನೆ. ನಾನು ಗಂಡಿನ ತಂದೆ ಎಂಬುದನ್ನು ಅವತ್ತು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತೇನೆ. ಓದಿ ಮುಗಿಸಿದ ಮೇಲೆ ಇದು ಸಂಘಕ್ಕೆ ಹೋಗುತ್ತದೆ, ಒಂದಕ್ಷರವೂ ಬದಲಾಗದೆ.

ಸಂಘದ ಕಾರ್ಯಕ್ರಮಗಳಲ್ಲಿ ಕೊನೆಯ ಸಾಲಿನಲ್ಲಿ ಕೂತು, ಕೇಳಿದ್ದಕ್ಕೆ ಬೇರೆಯೇ ಉತ್ತರ ಕೊಡುವ ಹಿರಿಯರೊಬ್ಬರನ್ನು ನೀವೆಲ್ಲ ಬಲ್ಲಿರಿ. ನಗುವವರು ನಕ್ಕಿದ್ದೀರಿ, ನಾನೂ ಕೂಡಿ ನಕ್ಕಿದ್ದೇನೆ. ಅವರಿಗೆ ವಯಸ್ಸಾಗಿ ಕಿವಿ ಹೋದದ್ದಲ್ಲ. ಒಂದು ಜಿಂಕೆಯ ಆಸೆಗೆ ನಾನು ಕಳೆದದ್ದು. ನಾನು ಕ್ಷಮೆ ಕೇಳದೆ ಉಳಿದ ಆ ಮನುಷ್ಯರ ಹೆಸರು ಶಿವಪುತ್ರಪ್ಪ ಮಲ್ಲಪ್ಪ ಹೂಗಾರ.